ಮಾವನ ಕಾರಿನ ಅಳಿಯಂದಿರು

ಮಾವ ತೀರಿಕೊಂಡ ಮೇಲೆ ಅವರ ಗೋಡೆ ಗಡಿಯಾರ, ಪುಸ್ತಕದ ಕಪಾಟು, ಹೊಲಿಗೆ ಯಂತ್ರ ಎಲ್ಲಕ್ಕೂ ಒಬ್ಬೊಬ್ಬ ವಾರಸುದಾರರು ಸಿಕ್ಕರು. ಕಾರನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಎರಡೇ ಸೀಟಿನ, ಉದ್ದ ಮೂತಿಯ, ತಲೆಯ ಮೇಲೆ ಮಡಚುವ ಬಟ್ಟೆಯ ಮಾಡು ಇದ್ದ ಹಳೇ ಸ್ಪೋರ್ಟ್ಸ್ ಕಾರು. ಹದಿನಾಲ್ಕು ವರ್ಷ ಹೊದಿಕೆಯಡಿ ನಿಂತು ನಿಂತು ಅದರ ನೆಲದ ತಗಡು ಜರಡಿಯಾಗಿತ್ತು. ಸೀಟಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಮಾವನ ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. "ನಾಲ್ಕು ಜನ ಇರೋ ಮನೆಗೆ ಎರಡು ಸೀಟಿನ ಕಾರು ತಂದ್ರಲ್ಲ ಅಪ್ಪ, ಉಳಿದ ಇಬ್ಬರು ಏನು ಮಾಡಬೇಕಿತ್ತಂತೆ?" ಎಂದು ದೊಡ್ಡ ಮಗಳು ಐವತ್ತರ ಹತ್ತಿರ ಬಂದರೂ ಕೇಳುತ್ತಿದ್ದಳು. ಗುಜರಿಯವನನ್ನು ಕರೆಸುವ ಮಾತು ಬಂದ ದಿನ ಇಬ್ಬರು ಅಳಿಯಂದಿರೂ ಒಂದೇ ಸಲ "ಬೇಡ" ಅಂದರು. ಅಂದಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಲ್ಲಿಯವರೆಗೆ ಅವರಿಬ್ಬರೂ ಷಡ್ಡಕರು, ಅಷ್ಟೇ. ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ವರ್ಷಕ್ಕೆ ನಾಲ್ಕು ಸಲ ಒಂದೇ ಸೋಫಾದ ಮೇಲೆ ಕೂತು "ಮತ್ತೆ, ಕೆಲಸ ಹೇಗಿದೆ?" ಎಂದು ಕೇಳಿ ಸುಮ್ಮನಾಗುವವರು. ದೊಡ್ಡಳಿಯ ಲಿಫ್ಟ್ ರಿಪೇರಿಯವನು. ಆಳು ಭಾರಿ, ದನಿ ಇನ್ನೂ ಭಾರಿ. ಚಿಕ್ಕಳಿಯ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅನ್ನ ಸೇರದವನು.

ಕಾರನ್ನು ನಿಲ್ಲಿಸಲು ಇಬ್ಬರ ಮನೆಯಲ್ಲೂ ಜಾಗವಿರಲಿಲ್ಲ. ಊರಾಚೆ ಹಿಂದೆ ಐಸ್ ಕಾರ್ಖಾನೆಯಾಗಿದ್ದ ಒಂದು ಉದ್ದ ಶೆಡ್ಡು ಇತ್ತು. ಅದರ ನೆಲದ ಮೇಲೆ ಹಳದಿ ಗೆರೆ ಎಳೆದು ಆರು ಪಾಲು ಮಾಡಿ, ಸ್ವಂತ ಕೈಯಲ್ಲಿ ಗಾಡಿ ಕೆಲಸ ಮಾಡಿಕೊಳ್ಳುವವರಿಗೆ ಬಿಟ್ಟಿದ್ದರು. ಜಾಕು, ಗಾಳಿ ಯಂತ್ರ, ವೆಲ್ಡಿಂಗ್ ಸೆಟ್ಟು, ಕೈ ತೊಳೆಯುವ ತೊಟ್ಟಿ ಎಲ್ಲರಿಗೂ ಸೇರಿದ್ದು. ಒಂದು ಪಾಲಿನಲ್ಲಿ ಒಬ್ಬ ಬಡಗಿಯ ವ್ಯಾನು, ಇನ್ನೊಂದರಲ್ಲಿ ನಿವೃತ್ತ ಪೋಸ್ಟ್‌ಮ್ಯಾನರ ಮೂರು ಸ್ಕೂಟರು. ಬಾಗಿಲ ಪಕ್ಕದ ಗೂಡಿನಲ್ಲಿ ಕೂತು ಬೀಗದ ಗೊಂಚಲು ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಬೀಗದಮ್ಮ ಎನ್ನುತ್ತಿದ್ದರು. ಇವರಿಬ್ಬರು ಕಾರನ್ನು ತಳ್ಳಿಕೊಂಡು ಬಂದ ದಿನ ಅವಳು ರಿಜಿಸ್ಟರ್ ತೆಗೆದು, "ಯಾರದು ಕಾರು?" ಎಂದಳು.

"ಮಾವಂದು," ಎಂದರು ಇಬ್ಬರೂ.

ಅಂದಿನಿಂದ ಆ ಶೆಡ್ಡಿನಲ್ಲಿ ಅವರಿಗೆ ದೊಡ್ಡಳಿಯ, ಚಿಕ್ಕಳಿಯ ಎಂದೇ ಹೆಸರು ಬಿತ್ತು.

ಆರು ವರ್ಷ ಪ್ರತಿ ಭಾನುವಾರ ಅವರು ಅಲ್ಲಿದ್ದರು. ಮೊದಲ ವರ್ಷವೆಲ್ಲ ಬಿಚ್ಚುವುದರಲ್ಲೇ ಹೋಯಿತು. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದರು. ಚಕ್ರದ ತಂತಿ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಿದರು. ಜೋಡಿ ಕಾರ್ಬುರೇಟರುಗಳನ್ನು ಚಿಕ್ಕಳಿಯ ಹಲ್ಲು ಕೆರೆಯುವ ಕಡ್ಡಿಯಲ್ಲೇ ಶುಚಿ ಮಾಡಿದ. "ನಿಂದು ಹಲ್ಲಿನ ಕೆಲಸ, ನಂದು ಹತ್ತಿಳಿಯೋ ಕೆಲಸ," ಎನ್ನುತ್ತಿದ್ದ ದೊಡ್ಡಳಿಯ. "ಇಬ್ರೂ ಸೇರಿ ರಿಪೇರಿ ಮಾಡಿದ್ರೆ ಈ ಕಾರು ಒಂದೋ ಕಚ್ಚುತ್ತೆ, ಇಲ್ಲ ಮೇಲಕ್ಕೆ ಹೋಗುತ್ತೆ. ಓಡೋದು ಮಾತ್ರ ಅನುಮಾನ ಕಣಯ್ಯ."

ಕಾರಿನಡಿ ಮಲಗಿ ಕೆಲಸ ಮಾಡುವ ಇಬ್ಬರಿಗೆ ಪರಸ್ಪರ ಮುಖ ಕಾಣುವುದಿಲ್ಲ. ಅದರಿಂದಲೋ ಏನೋ, ಅಲ್ಲಿ ಮಾತು ಸಲೀಸಾಗಿ ಬರುತ್ತಿತ್ತು. ಚಿಕ್ಕಂದಿನಲ್ಲಿ ತನಗೆ ಉಗ್ಗಿತ್ತೆಂದೂ, ಈಗಲೂ ಫೋನ್ ಎತ್ತುವ ಮುಂಚೆ ಮೊದಲ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಅಂದುಕೊಳ್ಳುತ್ತೇನೆಂದೂ ಚಿಕ್ಕಳಿಯ ಅಲ್ಲೇ ಹೇಳಿದ್ದು. ಹೆಂಡತಿಗೂ ಹೇಳಿರದ ಮಾತು ಅದು. ದೊಡ್ಡಳಿಯ ಸ್ವಲ್ಪ ಹೊತ್ತು ಬೋಲ್ಟು ತಿರುಗಿಸಿ, "ಅದಕ್ಕೇ ನಿನ್ನ ಮಾತು ಇಷ್ಟು ಅಚ್ಚುಕಟ್ಟು," ಎಂದಿದ್ದ. ತನಗೆ ಮಕ್ಕಳಾಗದೇ ಹೋದದ್ದನ್ನು ಅವನು ಹೇಳಿಕೊಂಡದ್ದೂ ಅಲ್ಲೇ, ಗೇರ್ ಡಬ್ಬದ ಕೆಳಗೆ, ಎದೆಯ ಮೇಲೆ ಟಾರ್ಚು ಇಟ್ಟುಕೊಂಡು.

ಏಳನೆಯ ವರ್ಷ ದೊಡ್ಡಳಿಯ ಮನೆ ಬಿಟ್ಟ.

ಅವನು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ಕಚೇರಿಯಲ್ಲಿ ಒಬ್ಬಳಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರವನ್ನು ಎರಡು ಸೂಟ್‌ಕೇಸಿಗೆ ತುಂಬಿಕೊಂಡು ಹೊರಟುಹೋದ. ಆ ಸಂಬಂಧ ಎಂಟು ತಿಂಗಳೂ ಬಾಳಲಿಲ್ಲ. ಆಮೇಲೆ ಒಂದು ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಉಳಿದ. ವಾಪಸ್ ಬರಲೇ ಎಂದು ಅವನೂ ಕೇಳಲಿಲ್ಲ, ಬಾ ಎಂದು ಯಾರೂ ಕರೆಯಲಿಲ್ಲ. ಕಾಗದದ ಮೇಲೆ ಮದುವೆ ಹಾಗೇ ಇತ್ತು.

ಅವನು ಮನೆ ಬಿಟ್ಟ ಹೊಸದರಲ್ಲಿ ಚಿಕ್ಕಳಿಯನ ಹೆಂಡತಿ ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದ್ದಳು. ಅಕ್ಕನಿಗೆ ಊಟ ಮಾಡಿಸುವುದು, ಸ್ನಾನಕ್ಕೆ ಎಬ್ಬಿಸುವುದು, ಪಕ್ಕದಲ್ಲಿ ಮಲಗುವುದು. ಮೂರು ವಾರದ ಮೇಲೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಗಂಡನಿಗೆ ಹೇಳಿದಳು:

"ಇನ್ನು ಆ ಮನುಷ್ಯನ ಜೊತೆ ನೀವು ಮಾತಾಡೋ ಹಾಗಿಲ್ಲ. ಒಂದು ಮಾತೂ. ನನಗೆ ಮಾತು ಕೊಡಿ."

"ಕಾರು..."

"ಕಾರು ಅಪ್ಪಂದು. ನೀವು ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಅವರ ಮುಖ ನೋಡಬೇಡಿ. ಅಕ್ಕ ಹೇಗಾಗಿದ್ದಾಳೆ ಅಂತ ನೀವು ನೋಡಿಲ್ಲ."

ಅವನು ಮಾತು ಕೊಟ್ಟ. ಹೆಂಡತಿಯ ಒತ್ತಾಯಕ್ಕೆ ಕೊಟ್ಟೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡನಾದರೂ ಅದು ಪೂರ್ತಿ ನಿಜವಲ್ಲ. ಅವನಿಗೂ ಒಳಗೊಳಗೇ ಉರಿಯುತ್ತಿತ್ತು. ಆರು ವರ್ಷ ಕಾರಿನಡಿ ಮಲಗಿ ಎಲ್ಲ ಹೇಳಿಕೊಂಡವನು ಇದೊಂದನ್ನು ತನಗೆ ಹೇಳಿರಲಿಲ್ಲ.

ಬೀಗದಮ್ಮನ ಹತ್ತಿರ ಹೋಗಿ ಅವನು ವೇಳೆ ಹಂಚಿಸಿಕೊಂಡ. ಭಾನುವಾರ ಬೆಳಗ್ಗೆಯಿಂದ ಹನ್ನೆರಡರವರೆಗೆ ತನ್ನದು, ಒಂದರಿಂದ ಸಂಜೆಯವರೆಗೆ ದೊಡ್ಡಳಿಯನದು. "ನಡುವೆ ಒಂದು ಗಂಟೆ ಯಾರದು?" ಎಂದಳು ಬೀಗದಮ್ಮ. ಅವನು ರಿಜಿಸ್ಟರಿನ ಗೆರೆಗಳನ್ನೇ ನೋಡಿದ. "ಸರಿ, ನಂದೇ ಅಂತ ಬರ್ಕೋತೀನಿ. ನಾನೂ ಊಟ ಮಾಡಬೇಕಲ್ಲ," ಎಂದು ಅವಳು ರಿಜಿಸ್ಟರ್ ಮುಚ್ಚಿದಳು.

ಮೊದಲ ಭಾನುವಾರ ಅವನಿಗೆ ಸ್ಪ್ಯಾನರ್ ಹಿಡಿಯಲೂ ಮನಸ್ಸು ಬರಲಿಲ್ಲ. ಬಂದದ್ದಕ್ಕೆ ಏನಾದರೂ ಮಾಡಬೇಕೆಂದು ಮುಂದಿನ ಒಂದು ದೀಪದ ಸುತ್ತಲಿನ ಲೋಹದ ಬಳೆಯನ್ನು ಉಜ್ಜಿ ಹೊಳಪು ಕೊಟ್ಟು ಹೊರಟ. ಮುಂದಿನ ವಾರ ಬಂದು ನೋಡಿದರೆ ಇನ್ನೊಂದು ದೀಪದ ಬಳೆಯೂ ಅಷ್ಟೇ ಹೊಳೆಯುತ್ತಿತ್ತು. ಅವನು ಅದನ್ನು ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಬಾಗಿಲಿನ ಹಿಡಿಕೆಯೊಂದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗ್ ಬದಲಿಸಿ ಕೂರಿಸಿದ. ಮರುವಾರ ಆಚೆ ಬಾಗಿಲಿನದೂ ಸಿದ್ಧವಾಗಿತ್ತು.

ಹೀಗೆ ಎರಡು ವರ್ಷ ನಡೆಯಿತು. ಚೀಟಿಯಿಲ್ಲ, ಫೋನಿಲ್ಲ. ಒಬ್ಬ ವೈರು ಎಳೆದಿಟ್ಟರೆ ಇನ್ನೊಬ್ಬ ಜೋಡಿಸುವನು. ಒಬ್ಬ ಸೀಟಿನ ಚೌಕಟ್ಟು ಸರಿಮಾಡಿದರೆ ಇನ್ನೊಬ್ಬ ಅದಕ್ಕೆ ತೊಗಲು ಹೊದಿಸುವನು. ದೊಡ್ಡಳಿಯನ ಕೆಲಸ ಮೊದಲಿನಿಂದಲೂ ಒರಟು. ಚಿಕ್ಕಳಿಯ ಅದನ್ನು ಬೆಳಗ್ಗೆ ಬಿಚ್ಚಿ ಮತ್ತೆ ಅಚ್ಚುಕಟ್ಟಾಗಿ ಕೂರಿಸುವನು. ಒಮ್ಮೆ ಹಾಗೆ ಬಿಚ್ಚಿ ಕೂರಿಸಿದ ಡ್ಯಾಶ್‌ಬೋರ್ಡಿನ ಸ್ಕ್ರೂ ಒಂದನ್ನು ಮರುವಾರ ಬೇಕೆಂದೇ ಸೊಟ್ಟಗೆ ತಿರುಗಿಸಿಟ್ಟಿತ್ತು. ಶೆಡ್ಡಿನಲ್ಲಿ ಒಬ್ಬನೇ ನಿಂತು ಚಿಕ್ಕಳಿಯ ನಕ್ಕ. ಪಕ್ಕದ ಪಾಲಿನ ಬಡಗಿ ತಲೆಯೆತ್ತಿ ನೋಡಿದ್ದರಿಂದ ಕೆಮ್ಮಿದಂತೆ ಮಾಡಿ ಸುಮ್ಮನಾದ.

ಕಡೆಗೆ ಉಳಿದದ್ದು ಬ್ರೇಕು. ಪೈಪು, ಸಿಲಿಂಡರು ಎಲ್ಲ ಹೊಸದಾಗಿತ್ತು. ಆಯಿಲ್ ತುಂಬಿ ಒಳಗಿನ ಗಾಳಿ ತೆಗೆದರೆ ಕಾರು ರಸ್ತೆಗಿಳಿಯುತ್ತಿತ್ತು. ಆದರೆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರ ತಿರುಪು ಮೊಳೆ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಒತ್ತು, ಬಿಡು ಎಂದು ಕೂಗಿ ಹೇಳುತ್ತ ಮಾಡುವ ಕೆಲಸ ಅದು. ಮಾತಿಲ್ಲದೆ ಆಗುವುದಿಲ್ಲ.

ಒಂದು ಭಾನುವಾರ ಚಿಕ್ಕಳಿಯ ಬಂದಾಗ ಹಿಂದಿನ ಎಡ ಚಕ್ರದ ಮೊಳೆಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಬಿಟ್ಟಿತ್ತು. ಪಕ್ಕದಲ್ಲಿ ಸ್ಪ್ಯಾನರು. ಡ್ರೈವರ್ ಸೀಟನ್ನು ಚಿಕ್ಕಳಿಯನ ಗಿಡ್ಡ ಕಾಲಿಗೆ ಸರಿಯಾಗುವಷ್ಟು ಮುಂದಕ್ಕೆ ಎಳೆದಿತ್ತು. ಯಾರು ಎಲ್ಲಿ ಕೂರಬೇಕೆಂದೂ ತೀರ್ಮಾನವಾಗಿತ್ತು. ಒಂದು ಗಂಟೆಯವರೆಗೆ ಕಾದರೆ ಸಾಕಿತ್ತು.

ಅವನು ಹನ್ನೆರಡಕ್ಕೆ ಕೈ ತೊಳೆದ. ಹನ್ನೆರಡೂ ಕಾಲಿಗೆ ಬಾಗಿಲ ಹತ್ತಿರ ನಿಂತಿದ್ದ. ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಬಂದವನಿಗೆ ಮೊದಲ ಮಾತು ಏನೆನ್ನುವುದು ಎಂದು ಮನಸ್ಸಿನಲ್ಲಿ ಅಂದುಕೊಳ್ಳಲು ನೋಡಿದ, ಒಂದೂ ಕೂಡಿಬರಲಿಲ್ಲ. ಹನ್ನೆರಡೂವರೆಗೆ ಬಸ್ಸು ಹತ್ತಿದ.

ಮುಂದಿನ ವಾರವೂ ಕೊಳವೆ ಹಾಗೇ ಇತ್ತು. ಅದರ ಮುಂದಿನ ವಾರವೂ. ಮೂರನೆಯ ವಾರ ಬಾಟಲಿಯ ಮೇಲೆ ದೂಳು ಕೂತಿತ್ತು. ಹಟ ಹಿಡಿದಿದ್ದಾನೆ, ನಾನಾಗಿ ಬರಲಿ ಎಂದು ಕಾಯುತ್ತಿದ್ದಾನೆ ಎಂದುಕೊಂಡು ಚಿಕ್ಕಳಿಯನಿಗೆ ಸಿಟ್ಟು ಬಂತು. ಬಾಗಿಲ ಹತ್ತಿರ ಬೀಗದಮ್ಮನಿಗೆ, "ಅವರು ಬರ್ತಾನೇ ಇಲ್ವಾ ಈಗ?" ಎಂದು ಕೇಳಿಯೇ ಬಿಟ್ಟ.

ಅವಳು ಅವನನ್ನೇ ನೋಡಿದಳು. "ನಿಮಗೆ ಗೊತ್ತಿಲ್ವಾ? ಆಸ್ಪತ್ರೆಗೆ ಸೇರಿ ಹದಿನೆಂಟು ದಿವಸ ಆಯ್ತಂತೆ. ಹೃದಯದ ತೊಂದರೆ. ಅವರ ಕಂಪನಿಯವರೊಬ್ರು ಟೂಲ್ ಕೇಳ್ಕೊಂಡು ಬಂದಿದ್ರು. ನೀವು ಮನೆಯವರು, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಚಿಕ್ಕಳಿಯ ಗ್ರೀಸ್ ಮೆತ್ತಿದ ಕೈಯಲ್ಲೇ ಆಟೋ ಹತ್ತಿದ.

ಆಸ್ಪತ್ರೆಯ ಮೂರನೆಯ ಮಹಡಿಯ ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. "ಮನೆಯವರಿಗೆ ಮಾತ್ರ. ನೀವು ಅವರಿಗೆ ಏನಾಗಬೇಕು?"

ಏನಾಗಬೇಕು ಎಂದು ಅವನಿಗೂ ಗೊತ್ತಿರಲಿಲ್ಲ. ನರ್ಸ್ ಪೆನ್ನು ಹಿಡಿದು ಕಾಯುತ್ತಿದ್ದಳು. "ಷಡ್ಡಕ," ಎಂದ. ಅವಳು ಬರೆದುಕೊಂಡು ಫೋನ್ ನಂಬರು ಕೇಳಿದಳು. "ಇವರ ಫೈಲಲ್ಲಿ ಮನೆಯವರ ನಂಬರೇ ಇರಲಿಲ್ಲ," ಎಂದಳು.

ಒಳಗೆ ದೊಡ್ಡಳಿಯ ದಿಂಬಿಗೆ ಒರಗಿ ಕೂತಿದ್ದ. ಮಂಚಕ್ಕೆ ಮೀರಿದ ಮೈಯಾಗಿತ್ತು ಅವನದು. ಈಗ ಮಂಚದಲ್ಲಿ ಜಾಗ ಉಳಿದಿತ್ತು. ದನಿ ಮಾತ್ರ ತಗ್ಗಿದರೂ ಕೇಳಿಸುವಷ್ಟಿತ್ತು.

"ಏನಂತ ಹೇಳಿದೆ ಅವಳಿಗೆ?"

"ಷಡ್ಡಕ ಅಂತ."

"ಇನ್ನೂ?"

"ಇನ್ನೂ, ಭಾವ."

ದೊಡ್ಡಳಿಯ ಮುಖ ಆಚೆ ತಿರುಗಿಸಿಕೊಂಡ. ಹಾಗೇ ಕೇಳಿದ: "ಏರ್ ತೆಗೆದ್ಯಾ?"

"ಇಲ್ಲ. ಒಬ್ಬರಿಂದ ಆಗಲ್ಲ."

"ಆಗಲ್ಲ. ಅದಕ್ಕೇ ಹಾಗೆ ಇಟ್ಟಿದ್ದು."

"ಗೊತ್ತು. ನನಗೆ ಆವತ್ತೇ ಗೊತ್ತಾಯ್ತು."

"ನಾನು ಆವತ್ತು ಹನ್ನೆರಡೂಮುಕ್ಕಾಲಿಗೇ ಬಂದಿದ್ದೆ ಕಣಯ್ಯ. ನೀನು ಇರ್ತೀಯೇನೋ ಅಂತ."

ಚಿಕ್ಕಳಿಯನಿಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಆದರೆ ಸುತ್ತ ಬೇರೆ ರೋಗಿಗಳಿದ್ದರು, ಬೆಳಕಿತ್ತು, ಇಬ್ಬರ ಮುಖವೂ ಇಬ್ಬರಿಗೂ ಕಾಣುತ್ತಿತ್ತು. ಹಾಗಾಗಿ ಅವರು ಬ್ರೇಕಿನ ಬಗ್ಗೆಯೇ ಮಾತಾಡಿದರು. ಯಾವ ಚಕ್ರದಿಂದ ಶುರುಮಾಡಬೇಕು, ಆಯಿಲ್ ಹಳೇದಾಯಿತೋ ಏನೋ, ಪೆಡಲ್ ಮೆತ್ತಗಿದ್ದರೆ ಏನು ಮಾಡಬೇಕು. ನರ್ಸ್ ಬಂದು ವೇಳೆಯಾಯಿತೆಂದಳು.

"ನಾಳೆ ಕೆಲಸ ಮುಗಿಸ್ಕೊಂಡು ಬರ್ತೀನಿ," ಎಂದ ಚಿಕ್ಕಳಿಯ.

"ಬಾ. ಕೈ ತೊಳ್ಕೊಂಡು ಬಾ," ಎಂದ ದೊಡ್ಡಳಿಯ.

ಮರುದಿನ ಬೆಳಗ್ಗೆ ಹತ್ತೂವರೆಗೆ ಲ್ಯಾಬಿನಲ್ಲಿ ಒಂದು ಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದಾಗ ಫೋನು ಬಂತು. ಆ ಕಡೆಯಿಂದ ಒಂದು ಹೆಣ್ಣು ದನಿ ರೋಗಿಯ ಹೆಸರು ಹೇಳಿ, "ಇಲ್ಲಿ ಷಡ್ಡಕ ಅಂತ ಬರೆದಿದೆ, ನೀವೇನಾ?" ಎಂದು ಕೇಳಿತು. ಚಿಕ್ಕಳಿಯ ಹೌದೆನ್ನಲು ಬಾಯಿ ತೆಗೆದ. ನಲವತ್ತು ವರ್ಷದ ಹಿಂದೆ ಬಿಟ್ಟುಹೋಗಿದ್ದ ಉಗ್ಗು ವಾಪಸ್ ಬಂದಿತ್ತು. ಆ ಒಂದು ಮಾತು ಹೊರಬರುವಷ್ಟರಲ್ಲಿ ಆಕೆ ಎರಡು ಸಲ ಹಲೋ ಹಲೋ ಎಂದಳು.

ಅತ್ತಿಗೆಗೆ, ಅಂದರೆ ದೊಡ್ಡಳಿಯನ ಹೆಂಡತಿಗೆ, ಸಾವಿನ ಸುದ್ದಿ ಹೇಳಿದ್ದು ಅವನೇ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಎಲ್ಲ ಮುಗಿದದ್ದು ಒಂದೇ ಮಧ್ಯಾಹ್ನದಲ್ಲಿ. ಲಿಫ್ಟ್ ಕಂಪನಿಯವರು ನಾಲ್ಕು ಜನ, ಬೀಗದಮ್ಮ, ಬಡಗಿ, ಪೋಸ್ಟ್‌ಮ್ಯಾನು, ಇವರು ಮೂವರು. ಚಿಕ್ಕಳಿಯನ ಹೆಂಡತಿ ಅಕ್ಕನ ತೋಳು ಬಿಡದೆ ನಿಂತಿದ್ದಳು.

ಸಂಜೆ ಅತ್ತಿಗೆಯ ಮನೆಯ ನಡುಮನೆಯಲ್ಲಿ ಮೂವರೂ ಕೂತಿದ್ದಾಗ ಅತ್ತಿಗೆಯೇ ಮಾತು ತೆಗೆದಳು.

"ಹದಿನೆಂಟು ದಿವಸ ಆಸ್ಪತ್ರೇಲಿದ್ರಂತೆ. ನೀವು ನನಗೊಂದು ಮಾತು ಹೇಳಬಹುದಿತ್ತು."

"ನನಗೇ ನಿನ್ನೆ ಗೊತ್ತಾಗಿದ್ದು ಅತ್ತಿಗೆ."

"ನಿನ್ನೆನಾ? ಪ್ರತಿ ಭಾನುವಾರ ಜೊತೇಲಿ ಇರ್ತಿದ್ರಲ್ಲ?"

ಅವನು ನೆಲ ನೋಡಿದ. "ಇಲ್ಲ. ಎರಡು ವರ್ಷ ಆಯ್ತು. ಮಾತಾಡಲ್ಲ ಅಂತ..." ಎಂದು ಅಲ್ಲಿಗೆ ನಿಲ್ಲಿಸಿ ಹೆಂಡತಿಯ ಕಡೆ ನೋಡದೆ ಮುಗಿಸಿದ, "ನಿಮಗೋಸ್ಕರ."

"ನನಗೋಸ್ಕರನಾ?" ಅತ್ತಿಗೆಯ ದನಿ ಏರಲಿಲ್ಲ. "ನಾನು ಯಾವತ್ತು ಕೇಳಿದೆ? ನಾನು ಅವರನ್ನ ಬೈದಿದ್ದೀನಿ, ಶಾಪ ಹಾಕಿದ್ದೀನಿ, ಅದೆಲ್ಲ ನನ್ನ ಅವರ ಮಧ್ಯದ್ದು. ಭಾನುವಾರ ಬಂದ್ರೆ ಮಾತ್ರ ನನಗೆ ಸ್ವಲ್ಪ ನೆಮ್ಮದಿ. ಇವತ್ತಾದ್ರೂ ಒಬ್ಬರೇ ಇರಲ್ಲ, ನೀವಿದ್ದೀರಿ, ಜೊತೇಲಿ ಒಂದು ತುತ್ತು ಉಣ್ತಾರೆ ಅಂತ. ಎರಡು ವರ್ಷ ನಾನು ಹಾಗೇ ಅಂದ್ಕೊಂಡಿದ್ದೆ."

ಚಿಕ್ಕಳಿಯನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ.

ಗಂಡಹೆಂಡಿರು ಆ ವಿಷಯವಾಗಿ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ. ಒಂದೇ ಮನೆಯಲ್ಲಿ ಬಗ್ಗಿ ಬಗ್ಗಿ ಓಡಾಡಿದರು. ಹಾಗೆ ಒಂದು ತಿಂಗಳು ಕಳೆದ ಮೇಲೆ ಭಾನುವಾರ ಬೆಳಗ್ಗೆ ಅವನು ಹೊರಡುವಾಗ ಅವಳೂ ಚಪ್ಪಲಿ ಮೆಟ್ಟಿಕೊಂಡಳು. "ಇಬ್ಬರು ಬೇಕು ಅಂದಿದ್ರಲ್ಲ," ಎಂದಳು. ಅಷ್ಟು ವರ್ಷದಲ್ಲಿ ಅವಳು ಆ ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು.

ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಯಾವ ಪೆಡಲ್ ಎಂದು ತೋರಿಸಿದ. ಅವನು ಹಿಂದಿನ ಚಕ್ರದ ಹತ್ತಿರ ಮಲಗಿದ. ಒತ್ತು ಎಂದಾಗ ಅವಳು "ಒತ್ತಿದೆ" ಎನ್ನುತ್ತಿದ್ದಳು, ಬಿಡು ಎಂದಾಗ "ಬಿಟ್ಟೆ". ಮೂರು ಚಕ್ರದ ಗಾಳಿ ಹೊರಗೆ ಹೋಯಿತು. ನಾಲ್ಕನೆಯದರಲ್ಲಿ ಅವನು ಬಿಡು ಎಂದರೂ ಉತ್ತರ ಬರಲಿಲ್ಲ.

"ಬಿಡೇ. ಆಯ್ತು."

"ನಾನು ಅಕ್ಕನ್ನ ಕೇಳಲೇ ಇಲ್ಲ ರೀ," ಎಂದಳು ಅವಳು ಮೇಲಿನಿಂದ. "ಅವಳ ಸಿಟ್ಟು ಅಂದ್ಕೊಂಡೆ. ಅದು ನಂದು. ಅಪ್ಪನ ಮೇಲೆ, ಈ ಕಾರಿನ ಮೇಲೆ, ಭಾವನ ಮೇಲೆ, ಎಲ್ಲಾ ನಂದೇ. ಪ್ರತಿ ಭಾನುವಾರ ನೀವು ನಗ್ತಾ ಮನೆಗೆ ಬರ್ತಿದ್ರಿ. ನನ್ನ ಜೊತೆ ಯಾವತ್ತಾದ್ರೂ ಹಾಗೆ ನಕ್ಕಿದ್ರಾ?"

ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಹಾಗೇ ಮಲಗಿಕೊಂಡು ಅವನು ಹೇಳಿದ: "ಮಾತಾಡಬೇಡ ಅಂದಿದ್ದು ನೀನು. ಮಾತಾಡದೇ ಇದ್ದಿದ್ದು ನಾನು. ಬಾಗಿಲ ತನಕ ಬಂದು ವಾಪಸ್ ಹೋದವನು ನಾನೇ." ಪೆಡಲ್ ಮೇಲಕ್ಕೆ ಬಂದ ಸದ್ದಾಯಿತು.

ಕಾರು ರಸ್ತೆಗಿಳಿದದ್ದು ಆಮೇಲೆ ಹದಿನೈದು ದಿನಕ್ಕೆ. ಅರ್ಧ ಪಾಲು ಈಗ ಅತ್ತಿಗೆಯದು. ಮೊದಲ ಸಲ ನೀವೇ ಕೂರಬೇಕೆಂದು ಚಿಕ್ಕಳಿಯ ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಅವಳು ಸೆರಗು ಬಿಗಿದುಕೊಂಡು, ಬಾಗಿಲ ಅಂಚಿಗೆ ಮಂಡಿ ತಗುಲಿಸಿಕೊಂಡು, ಆ ತಗ್ಗು ಸೀಟಿನಲ್ಲಿ ಕೂತಳು. "ಅಪ್ಪ ನನ್ನ ಒಂದು ಸಲವೂ ಇದರಲ್ಲಿ ಕೂರಿಸಿರಲಿಲ್ಲ," ಎಂದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಅವರಿದ್ದ ಕೋಣೆ ನಿಮಗೆ ಗೊತ್ತಾ? ನಾನು ನೋಡಿಲ್ಲ," ಎಂದಳು.

ಅವನೂ ನೋಡಿರಲಿಲ್ಲ. ಬೀದಿಯ ಗುರುತು ಮಾತ್ರ ಗೊತ್ತಿತ್ತು. ಇಂಜಿನ್ ಒಂದೇ ಸಮನೆ ಗುಟುರು ಹಾಕುತ್ತಿತ್ತು. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಒಂದು ಸ್ಕೂಟರಿನವನು ಪಕ್ಕದಲ್ಲೇ ಬಂದು ಹೆಬ್ಬೆರಳು ತೋರಿಸಿ ಮುಂದೆ ಹೋದ. ಕೇಳಿಕೊಂಡು ಕೇಳಿಕೊಂಡು ಲಾಂಡ್ರಿಯ ಮುಂದೆ ಬಂದು ನಿಂತರು. ಮೇಲಿನ ಕೋಣೆಗೆ ಆಗಲೇ ಬೇರೆ ಯಾರೋ ಬಂದಿದ್ದರು. ಕಿಟಕಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು.

ಅತ್ತಿಗೆ ತಲೆಯೆತ್ತಿ ನೋಡಿದಳು. "ಒಂದೇ ಕಿಟಕಿ," ಎಂದಳು. "ಅವರಿಗೆ ಗಾಳಿ ಬೇಕಿತ್ತು. ಚಳಿಗಾಲದಲ್ಲೂ ನಾಲ್ಕೂ ಕಿಟಕಿ ತೆಗೆದಿಟ್ಟು ಮಲಗೋರು. ನಾನು ದಿನಾ ಜಗಳ ಆಡ್ತಿದ್ದೆ."

ಇನ್ನೂ ಸ್ವಲ್ಪ ಹೊತ್ತು ನೋಡಿ, "ಸರಿ, ಹೊರಡಿ," ಎಂದಳು.

ಚಿಕ್ಕಳಿಯ ಗೇರಿನ ಮೇಲೆ ಕೈಯಿಟ್ಟ. ಕೈ ಅಲ್ಲಾಡಲಿಲ್ಲ. ಆಸ್ಪತ್ರೆಯಲ್ಲಿ, ಸುಡುಗಾಡಿನಲ್ಲಿ, ಶೆಡ್ಡಿನಲ್ಲಿ ಎಲ್ಲೂ ಬಾರದಿದ್ದ ಅಳು ಅಲ್ಲಿ, ಹಾಡುಹಗಲು, ಮಾಡು ಮಡಚಿದ ಕಾರಿನಲ್ಲಿ, ದಾರಿಹೋಕರೆಲ್ಲರ ಮುಂದೆ ಬಂತು. ಸ್ಟೀರಿಂಗಿಗೆ ಹಣೆ ಹಚ್ಚಿ ಅವನು ಬಿಕ್ಕಿ ಬಿಕ್ಕಿ ಅತ್ತ. ಹಿಂದಿನಿಂದ ಯಾರೋ ಹಾರ್ನ್ ಹಾಕಿದರು. ಇನ್ನೊಬ್ಬರು ಹಾಕಿದರು. ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆ ಬಿಟ್ಟು ಹೊರಗೆ ಬಂದು, "ಏನಮ್ಮ, ಗಾಡಿ ಕೆಟ್ಟಿತಾ? ತಳ್ಳಬೇಕಾ?" ಎಂದು ಕೇಳಿದ.

"ಗಾಡಿ ಸರಿಯಾಗಿದೆಯಪ್ಪ," ಎಂದಳು ಅತ್ತಿಗೆ. "ಹಿಂದಿನವರಿಗೆ ಪಕ್ಕದಿಂದ ಹೋಗೋಕೆ ಹೇಳಿ."

ಲಾಂಡ್ರಿಯವನು ರಸ್ತೆಗಿಳಿದು ಗಾಡಿಗಳಿಗೆ ಕೈ ತೋರಿಸಿದ. ಅವು ಒಂದೊಂದಾಗಿ ಅವರನ್ನು ಬಳಸಿಕೊಂಡು ಹೋದವು.